ಆಚಾರಿಯನ್ನು ಕರೆಯದವರ ಕಣ್ಣೀರು

ಥಾಣೆಯ ಒಂದು ಹಾಲ್‌ನಲ್ಲಿ ನಮ್ಮ ಕಡೆಯವರ ಸ್ನೇಹಕೂಟ ಇತ್ತು. ಊಟಕ್ಕೆ ಮೊದಲು ನಾಲ್ಕು ಮಾತಾಡಲಿಕ್ಕೆ ಹಿರಿಯರೊಬ್ಬರು ಎದ್ದು ನಿಂತರು. "ನಮ್ಮ ಊರಿನ ಹಲಸಿನ ಕಂಬದ ಚಾವಡಿ ಎಲ್ಲಿ, ಇಲ್ಲಿಯ ಈ ಬೆಂಕಿಪೊಟ್ಟಣ ಎಲ್ಲಿ! ಅದು ಕಟ್ಟಿದ ಮನೆ. ಇದು ಅಚ್ಚಿಗೆ ಹೊಯ್ದು ತೆಗೆದ ಇಡ್ಲಿ" ಎಂದರು. ಜೋರು ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಆಮೇಲೆ ರಿಕ್ಷಾ ಹಿಡಿದು ವಾಗ್ಳೆ ಎಸ್ಟೇಟಿಗೆ ಹಿಂದಿರುಗುವಾಗ ನನಗೆ ಸಿಟ್ಟು ಬಂತು, ಅದೂ ನನ್ನ ಮೇಲೆಯೇ. ಯಾಕೆಂದರೆ ಆ ಹಿರಿಯರು ತಮ್ಮ ಚಾವಡಿಯ ಕಂಬಗಳನ್ನು ಹಳೇ ಮರದ ವ್ಯಾಪಾರಿಗೆ ಮಾರಿದ್ದು ನನಗೆ ಗೊತ್ತಿತ್ತು. ಎಷ್ಟಕ್ಕೆ ಮಾರಿದ್ದು ಎಂಬುದೂ ಗೊತ್ತಿತ್ತು. ಮಾರುವ ಮೊದಲು ನನ್ನನ್ನು ಕೇಳಿದ್ದರು. "ಬಂದ ರೇಟಿಗೆ ಕೊಟ್ಟುಬಿಡಿ, ಗೆದ್ದಲು ಹಿಡಿದರೆ ಅದೂ ಇಲ್ಲ" ಎಂದು ಹೇಳಿದವನು ನಾನೇ.

ಅದೇ ವಾರ ಬೆಂಗಳೂರಿನಿಂದ ನನ್ನ ತಮ್ಮನ ಮಗ ಫೋನ್ ಮಾಡಿದ. "ದೊಡ್ಡಪ್ಪ, ಊರಿನ ಮನೆ ಮಾಡು ಇನ್ನು ತಡೀಲಿಕ್ಕಿಲ್ಲ. ಕೆಡವಿಬಿಡುವ. ಹೊರದೇಶದ ಪೈನ್ ಮರದ ಲಾಗ್ ಕಾಟೇಜು ಬರ್ತದೆ. ಪ್ರತಿ ತುಂಡಿಗೂ ನಂಬರ್ ಹಾಕಿರ್ತಾರೆ. ಲಾರಿಯಲ್ಲಿ ತಂದು ನಲವತ್ತೈದು ದಿನದಲ್ಲಿ ಜೋಡಿಸಿ ಬೀಗದ ಕೈ ಕೊಡ್ತಾರೆ. ಎರಡು ಹಾಕಿದ್ರೆ ಹೋಮ್‌ಸ್ಟೇ ಮಾಡ್ಬಹುದು" ಎಂದ. ವಾಟ್ಸಾಪಿನಲ್ಲಿ ಬ್ರೋಷರನ್ನೂ ಕಳಿಸಿದ. ಹುಲ್ಲುಹಾಸಿನ ನಡುವೆ ದುಂಡು ದಿಮ್ಮಿಗಳ ಚಂದದ ಗುಡಿಸಲು. ಚಿತ್ರದಲ್ಲಿ ಮಳೆ ಮಾತ್ರ ಇರಲಿಲ್ಲ.

ಒಂದು ಕಡೆ ಕಣ್ಣೀರು, ಇನ್ನೊಂದು ಕಡೆ ಬ್ರೋಷರು. ಊರು ಬಿಟ್ಟ ನಮ್ಮಲ್ಲಿ ಮನೆಯ ಬಗ್ಗೆ ಮಾತು ಬಂದರೆ ಈ ಎರಡೇ ಪಕ್ಷ. ಒಬ್ಬರಿಗೆ ಆಚಾರಿ ಕೈಯಿಂದ ಕೆತ್ತಿದ್ದೆಲ್ಲ ದೇವಸ್ಥಾನ, ಫ್ಯಾಕ್ಟರಿಯಿಂದ ಬಂದದ್ದೆಲ್ಲ ಪಾಪ. ಇನ್ನೊಬ್ಬರಿಗೆ ಫ್ಯಾಕ್ಟರಿಯಿಂದ ಬಂದದ್ದೇ ಪ್ರಗತಿ, ಆಚಾರಿ ಎಂದರೆ ವಿಳಂಬ. ನನ್ನ ಜಗಳ ಇಬ್ಬರ ಮೇಲೂ ಇದೆ. ಇಬ್ಬರೂ ತಪ್ಪು ಪ್ರಶ್ನೆ ಹಿಡಿದುಕೊಂಡು ಕೂತಿದ್ದಾರೆ.

ನಾನು ಇಂಜಿನಿಯರ್ ಅಲ್ಲ. ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕು ಸೇರಿದವನು, 2019ರಲ್ಲಿ ನಿವೃತ್ತನಾದೆ. ಮನೆ ಕಟ್ಟುವ ವಿದ್ಯೆ ನನಗೆ ಬಾರದು. ಆದರೆ ಮನೆ ಕಟ್ಟಲಿಕ್ಕೆ ಸಾಲ ಕೊಡುವ ಮೇಜಿನ ಈಚೆ ಬದಿಯಲ್ಲಿ ಬಹಳ ವರ್ಷ ಕೂತಿದ್ದೇನೆ. ಆ ಮೇಜಿನ ಪಾಪವನ್ನೂ ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಕತೆ. ಕುಂದಾಪುರದ ಕಡೆಯ ಹಳ್ಳಿ. 1969ರಲ್ಲಿ ಮನೆಯ ಪಡುಬದಿಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದರು. ಆಗ ನನಗೆ ಒಂಬತ್ತು ವರ್ಷ. ಶಾಲೆಯಿಂದ ಬಂದವನು ಆಚಾರಿಯವರ ಹತ್ತಿರವೇ ಕೂತಿರುತ್ತಿದ್ದೆ. ಕೆಲಸ ಶುರುವಾದದ್ದು ಅದಕ್ಕೂ ಒಂದು ವರ್ಷ ಮೊದಲು. ಹಿತ್ತಿಲಿನ ಎರಡು ಹಲಸಿನ ಮರವನ್ನು ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ, ಕೃಷ್ಣಪಕ್ಷ ನೋಡಿ ಕಡಿದರು. ಗರಗಸದವರು ಬಂದರು, ಒಬ್ಬ ದಿಮ್ಮಿಯ ಮೇಲೆ, ಒಬ್ಬ ಕೆಳಗೆ. ಸೀಳಿದ ಹಲಗೆ, ತೊಲೆಗಳನ್ನು ನೆರಳಲ್ಲಿ ಒಂದರ ಮೇಲೊಂದು, ನಡುವೆ ಗಾಳಿಯಾಡಲಿಕ್ಕೆ ರೀಪಿನ ತುಂಡು ಇಟ್ಟು, ಒಂದು ಮಳೆಗಾಲ ಪೂರ್ತಿ ಒಣಗಲು ಬಿಟ್ಟರು. ಅಪ್ಪಯ್ಯನಿಗೆ ಅವಸರ ಇತ್ತು. ಮರಕ್ಕೆ ಇರಲಿಲ್ಲ.

ಆಚಾರಿಯವರು ಬಂದವರು ಮೊದಲು ಉಳಿ ಹಿಡಿಯಲಿಲ್ಲ. ಜಗಲಿಯಲ್ಲಿ ಕೂತು ಕವಳ ಹಾಕಿಕೊಂಡು ಪ್ರಶ್ನೆ ಕೇಳಿದರು. "ಹ್ವಾಯ್, ಅಟ್ಟದ್ ಮೇಲೆ ಎಷ್ಟ್ ಮುಡಿ ಇಡ್ತ್ರಿ?" ಅಪ್ಪಯ್ಯ ಲೆಕ್ಕ ಹೇಳಿದ ಮೇಲೆ ತೊಲೆಯ ದಪ್ಪ ನಿಶ್ಚಯವಾಯಿತು. ಮಳೆಗಾಳಿ ಯಾವ ಮೂಲೆಯಿಂದ ಹೊಡೆಯುತ್ತದೆ ಎಂದು ಕೇಳಿ ಮಾಡಿನ ಅಂಚನ್ನು ಆ ಬದಿಗೆ ಒಂದು ಮೊಳ ಹೆಚ್ಚು ಇಳಿಸಿದರು. ಅಜ್ಜಿ ಹೊಸ್ತಿಲು ದಾಟುವಾಗ ಗೋಡೆ ಹಿಡಿಯುವುದನ್ನು ನೋಡಿ, ಯಾರೂ ಹೇಳದೆ, ಹೊಸ್ತಿಲನ್ನು ಎರಡು ಬೆರಳು ತಗ್ಗಿಸಿದರು. ಆಯ ನೋಡಿ, ಕೋಲಿನ ಮೇಲೆ ಗುರುತು ಮಾಡಿಕೊಂಡು, ಆಮೇಲೆ ಬಾಚಿ ಹಿಡಿದರು.

ಇಲ್ಲಿಯವರೆಗೆ ಕಣ್ಣೀರಿನ ಪಕ್ಷದವರಿಗೆ ಖುಷಿಯಾಗಿರಬಹುದು. ಮುಂದಿನದನ್ನೂ ಕೇಳಿ. ಮಾಡಿನ ಪಕ್ಕಾಸುಗಳನ್ನು ಆಚಾರಿಯವರು ಗೋಡೆಯ ಮೇಲೆ ಕೂತು ಕೊಯ್ಯಲಿಲ್ಲ. ಎಲ್ಲವನ್ನೂ ಕೆಳಗೆ ಅಂಗಳದಲ್ಲಿ, ಚಪ್ಪರದ ನೆರಳಲ್ಲಿ ಕೊಯ್ದರು. ಒಂದರ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಮರದ ಗೂಟ ಹೊಡೆದು, ನೆಲದ ಮೇಲೆಯೇ ಜೋಡಿಸಿ ನೋಡಿದರು. ಸರಿ ಕೂತ ಮೇಲೆ ಪ್ರತಿ ಜೋಡಣೆಯ ಎರಡೂ ಬದಿಗೆ ಉಳಿಯಿಂದ ಗೀರು ಹಾಕಿದರು: ಮೊದಲನೆಯದಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು, ಹೀಗೆ. ಮತ್ತೆ ಎಲ್ಲವನ್ನೂ ಬಿಚ್ಚಿದರು. ಬಿಚ್ಚಿದ ತುಂಡುಗಳನ್ನು ಮುರಕಲ್ಲಿನ ಗೋಡೆಯ ಮೇಲೆ ಏರಿಸಿ ಗೀರಿಗೆ ಗೀರು ಸೇರಿಸಿ ಜೋಡಿಸಲು ಹಿಡಿದದ್ದು ಮೂರೇ ದಿನ. ಮೇಲೆ ಹೊದಿಸಿದ ಹಂಚು? ಅದೂ ಫ್ಯಾಕ್ಟರಿಯದ್ದೇ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ನಮ್ಮ ಕರಾವಳಿಯ ಮಾಡಿನ ಮೇಲೆ ಕೂತದ್ದು ಒಂದೇ ಅಚ್ಚಿನಿಂದ ಬಂದ ಸಾಮಾನು.

ಬೇರೆ ಕಡೆ ತಯಾರಿಸಿ, ಗುರುತು ಹಾಕಿ, ತಂದು ಜೋಡಿಸಿದ್ದು. ಇದಕ್ಕೆ ಇಂದಿನ ಭಾಷೆಯಲ್ಲಿ ಏನು ಹೇಳುತ್ತಾರೆ? ಪ್ರಿಫ್ಯಾಬ್. ಹಾಗಾದರೆ ನಾವು ಅಳುವ ಆ ಹಲಸಿನ ಮನೆ ನಮ್ಮ ಊರಿನ ಮೊದಲ ಪ್ರಿಫ್ಯಾಬ್ ಮನೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ ನೋಡಿ. ವಿಜಯನಾಥ ಶೆಣೈ ಅವರು ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಹರ್ಕೂರಿನ ಮನೆ ಎಂದು ಕೆಡವಲು ಹೊರಟವರ ಕೈಯಿಂದ ಬಿಡಿಸಿ, ತೊಲೆ ಕಂಬಗಳನ್ನು ಗುರುತು ಹಾಕಿ ಬಿಚ್ಚಿ, ಸಾಗಿಸಿ, ಅಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡ ಆ ಮಹಾನುಭಾವರೂ ಬ್ಯಾಂಕಿನ ಉದ್ಯೋಗದಲ್ಲಿದ್ದವರೇ. ನಾವು ಬ್ಯಾಂಕಿನವರು ಏನು ಮಾಡಬಹುದಿತ್ತು ಎಂಬುದಕ್ಕೆ ಅವರು ಸಾಕ್ಷಿ. ಬಿಚ್ಚಿ ಮತ್ತೆ ಜೋಡಿಸಬಹುದು ಎಂಬ ಗುಣ ಇದ್ದದ್ದರಿಂದಲೇ ಆ ಮನೆಗಳು ಉಳಿದವು. ಒಂದು ಸ್ಲ್ಯಾಬಿನ ಮನೆಯನ್ನು ಹಾಗೆ ಸಾಗಿಸಿ ನೋಡೋಣ!

ಹೊರದೇಶದ ದಿಮ್ಮಿ ಮನೆಯ ಮಾತಿಗೆ ಬರುತ್ತೇನೆ. 2016ರಲ್ಲಿ ಮಗಳ ಮನೆಗೆಂದು ಕೆನಡಾದ ವ್ಯಾಂಕೂವರಿಗೆ ಹೋಗಿದ್ದೆವು. ಅಳಿಯ ರಜೆಯಲ್ಲಿ ಕಾರಿನಲ್ಲಿ ಉತ್ತರಕ್ಕೆ ಕರೆದುಕೊಂಡು ಹೋದರು. ಹಂಡ್ರೆಡ್ ಮೈಲ್ ಹೌಸ್ ಎಂಬ ಸಣ್ಣ ಊರು. ಕೈಯಿಂದ ಕೆತ್ತಿದ ದಿಮ್ಮಿ ಮನೆಗಳಿಗೆ ಉತ್ತರ ಅಮೆರಿಕಾದಲ್ಲೇ ಹೆಸರಾದ ಜಾಗ. ರಸ್ತೆ ಬದಿಯ ಒಂದು ಅಂಗಳದಲ್ಲಿ ಕೆಲಸ ನಡೆಯುತ್ತಿತ್ತು, ನಿಂತು ನೋಡಿದೆವು. ತೊಗಟೆ ಸುಲಿದ ಇಡೀ ಇಡೀ ಮರಗಳು. ಒಂದು ದಿಮ್ಮಿಯನ್ನು ಇನ್ನೊಂದರ ಮೇಲಿಟ್ಟು, ಕೆಳಗಿನದರ ಉಬ್ಬು ತಗ್ಗನ್ನು ಕೈವಾರದಂಥ ಒಂದು ಸಾಧನದಿಂದ ಮೇಲಿನದರ ಮೇಲೆ ಗೆರೆ ಎಳೆದು, ಆ ಗೆರೆಯ ಪ್ರಕಾರ ಕೊರೆದು ಕೂರಿಸುತ್ತಾರೆ. ಎರಡು ದಿಮ್ಮಿ ಒಂದೇ ತರ ಇರುವುದಿಲ್ಲವಲ್ಲ, ಹಾಗಾಗಿ ಪ್ರತಿ ಜೋಡಿಗೂ ಬೇರೆ ಗೆರೆ. ಇಡೀ ಮನೆ ಆ ಅಂಗಳದಲ್ಲೇ ಏಳುತ್ತದೆ. ಆಮೇಲೆ ನಂಬರ್ ಹಾಕಿ, ಬಿಚ್ಚಿ, ಲಾರಿಗೆ ಹೇರಿ, ಯಜಮಾನನ ಜಾಗಕ್ಕೆ ಒಯ್ದು ಮತ್ತೆ ನಿಲ್ಲಿಸುತ್ತಾರೆ. ನಮ್ಮ ಆಚಾರಿಯವರ ಗೀರು ನನಗೆ ನೆನಪಾಯಿತು.

ಇದರ ಅಗ್ಗದ ತಮ್ಮ ಇನ್ನೊಬ್ಬ ಇದ್ದಾನೆ. ಮಿಲ್ಲಿನಲ್ಲಿ ಎಲ್ಲ ದಿಮ್ಮಿಗಳನ್ನೂ ಒಂದೇ ದಪ್ಪಕ್ಕೆ ಕಡೆದು, ಅಂಚಿಗೆ ಅಚ್ಚುಕಟ್ಟಾದ ಗಾಡಿ ಹೊಡೆದು, ಪೆಟ್ಟಿಗೆಯಲ್ಲಿ ಆಟಿಕೆ ಬಂದಂತೆ ಬರುವ ಮನೆ. ನನ್ನ ತಮ್ಮನ ಮಗನ ಬ್ರೋಷರಿನದ್ದು ಈ ಜಾತಿ. ಅದನ್ನೂ ನಾನು ಹಗುರ ಮಾಡುವುದಿಲ್ಲ. ಅಮೆರಿಕದ ಸಿಯರ್ಸ್ ಕಂಪನಿ 1908ರಿಂದ 1940ರವರೆಗೆ ಕೆಟಲಾಗಿನಲ್ಲಿ ಮನೆ ಮಾರಿತು. ಕೊಯ್ದ ಮರ, ಬಾಗಿಲು, ಮೊಳೆ ಎಲ್ಲ ರೈಲಿನಲ್ಲಿ ಬರುತ್ತಿತ್ತು. ಅಂಥ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮನೆ ಮಾರಾಟವಾದವು ಎಂದು ಲೆಕ್ಕ. ಅವುಗಳಲ್ಲಿ ಬಹಳಷ್ಟು ಇಂದಿಗೂ ನಿಂತಿವೆ. ಕಾರಣ ಸರಳ. ಯಜಮಾನನೋ ಊರಿನ ಬಡಗಿಯೋ ತಾವೇ ಜೋಡಿಸಿದ್ದು. ಜೋಡಿಸಿದವನಿಗೆ ಬಿಚ್ಚಲಿಕ್ಕೂ ಗೊತ್ತು.

ಕೆನಡಾದ ಆ ಅಂಗಳದಲ್ಲಿ ಇನ್ನೊಂದು ವಿಷಯ ತಿಳಿಯಿತು. ಹಸಿ ದಿಮ್ಮಿಯ ಗೋಡೆ ಒಣಗುತ್ತಾ ಕುಗ್ಗುತ್ತದೆ. ಒಂದು ಅಡಿ ಎತ್ತರಕ್ಕೆ ಮುಕ್ಕಾಲು ಅಂಗುಲದ ಲೆಕ್ಕ. ಎಂಟಡಿ ಗೋಡೆಗೆ ಆರು ಅಂಗುಲ. ಅದಕ್ಕೇ ಕಿಟಕಿ ಬಾಗಿಲಿನ ಮೇಲೆ ಜಾಗ ಬಿಟ್ಟಿರುತ್ತಾರೆ, ಕಂಬದ ಕೆಳಗೆ ತಿರುಪಿನ ಜಾಕ್ ಇಟ್ಟಿರುತ್ತಾರೆ. ಕೆಲವು ವರ್ಷ ಯಜಮಾನ ಆ ತಿರುಪನ್ನು ಆಗಾಗ ಇಳಿಸುತ್ತಾ ಇರಬೇಕು, ಸಾಲದ ಕಂತು ಕಟ್ಟಿದ ಹಾಗೆ. ಕಟ್ಟಿದವನು ಹೋಗುವ ಮೊದಲು ಇದನ್ನು ಯಜಮಾನನಿಗೆ ಹೇಳಿಕೊಟ್ಟು ಹೋಗುತ್ತಾನೆ. ಮನೆ ಎಂಬುದು ಬೀಗದ ಕೈ ಕೊಟ್ಟ ದಿನ ಮುಗಿಯುವ ವ್ಯವಹಾರ ಅಲ್ಲ ಎಂಬುದು ಅಲ್ಲಿ ಕರಾರಿನಲ್ಲೇ ಇದೆ.

ಈಗ ಕಾಂಕ್ರೀಟಿನ ಪ್ರಿಫ್ಯಾಬ್. ಇದರ ಭಾರತದ ಮೊದಲ ಅಧ್ಯಾಯದಲ್ಲಿ ನಮ್ಮ ಮೈಸೂರಿನ ಹೆಸರಿದೆ. ಬರ್ಲಿನ್‌ನಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ್ದು ಇಂದಿಗೂ ಇದೆ. ಅವರೂ ಊರು ಬಿಟ್ಟವರೇ. 1948ರಲ್ಲಿ ಕೇಂದ್ರ ಸರ್ಕಾರ ಅವರನ್ನು ವಸತಿ ನಿರ್ದೇಶಕರನ್ನಾಗಿ ದಿಲ್ಲಿಗೆ ಕರೆಸಿತು. ದೇಶ ವಿಭಜನೆಯಾಗಿ ಲಕ್ಷಗಟ್ಟಲೆ ಜನ ಬೀದಿಯಲ್ಲಿದ್ದ ಕಾಲ. ಫ್ಯಾಕ್ಟರಿಯಲ್ಲಿ ಗೋಡೆ ಹೊಯ್ದು ಬೇಗ ಮನೆ ಕೊಡೋಣ ಎಂದು ಸರ್ಕಾರಿ ಕಾರ್ಖಾನೆ ಶುರುವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹೊರಗಿನಿಂದ ತಂದ ತಂತ್ರದ ನೊರೆ ಕಾಂಕ್ರೀಟಿನ ಹಲಗೆಗಳು ಬಿರುಕು ಬಿಟ್ಟವು, ದೊಡ್ಡ ಗದ್ದಲವಾಯಿತು, 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೋದರು. ಆ ಕಾರ್ಖಾನೆ ಆಮೇಲೆ ಹಿಂದುಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, ಮುಂದೆ ಹಿಂದುಸ್ತಾನ್ ಪ್ರಿಫ್ಯಾಬ್ ಆಗಿ ಬೇರೆ ಕಾಂಕ್ರೀಟು ಸಾಮಾನು ಮಾಡಿ ಬದುಕಿತು. ಲಂಡನ್ನಿನಲ್ಲೇ 1968ರ ಮೇ 16ರಂದು ರೋನನ್ ಪಾಯಿಂಟ್ ಎಂಬ 22 ಮಹಡಿಯ ಪ್ರಿಫ್ಯಾಬ್ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟವಾಗಿ, ಒಂದು ಮೂಲೆಗೆ ಮೂಲೆಯೇ ಇಸ್ಪೀಟಿನ ಎಲೆಗಳಂತೆ ಕುಸಿದು ನಾಲ್ವರು ಸತ್ತರು. ಸೋತದ್ದು ಗೋಡೆಗಿಂತ ಹೆಚ್ಚಾಗಿ ಗೋಡೆಗೆ ಗೋಡೆ ಸೇರುವ ಜೋಡಣೆ. ಅಂಗಳದಲ್ಲಿ ಜೋಡಿಸಿ ನೋಡಿದ ನಮ್ಮ ಆಚಾರಿಯವರು ಹೆದರುತ್ತಿದ್ದದ್ದೂ ಅದಕ್ಕೇ.

"ಹಾಗಾದರೆ ಫ್ಯಾಕ್ಟರಿ ಮನೆ ಬೇಡ" ಎಂದು ಯಾರಾದರೂ ತೀರ್ಮಾನಕ್ಕೆ ಹಾರಿದರೆ ನಾನು ಅವರನ್ನು ನನ್ನ ಮನೆಯ ಸುತ್ತ ಒಂದು ಸುತ್ತು ಹಾಕಿಸುತ್ತೇನೆ. ವಾಗ್ಳೆ ಎಸ್ಟೇಟ್ ಅಂದರೆ ಎಂಐಡಿಸಿ 1962ರಲ್ಲಿ ಹುಟ್ಟಿದಾಗ ಹಾಕಿದ ಮೊದಮೊದಲ ಕೈಗಾರಿಕಾ ವಸಾಹತುಗಳಲ್ಲಿ ಒಂದು. ಕಾರ್ಖಾನೆ ಬಂತು, ಕೆಲಸಗಾರ ಬಂದ. ಅವನು ಎಲ್ಲಿ ಇರಬೇಕು ಎಂದು ಯಾರೂ ಯೋಚಿಸಲಿಲ್ಲ. ಹಾಗೆ ಎದ್ದದ್ದು ಕಿಸಾನ್ ನಗರದಂಥ ಬಡಾವಣೆಗಳು. ಬಿಸಿಲು ಕಾಣದ ಗಲ್ಲಿ, ಒಂದರ ಕಿಟಕಿಗೆ ಇನ್ನೊಂದರ ಗೋಡೆ. ನಮ್ಮ ಕಡೆಯ ಎಷ್ಟೋ ಹೋಟೆಲ್ ಹುಡುಗರು, ಕ್ಯಾಂಟೀನಿನವರು ಅಲ್ಲಿನ ಖೋಲಿಗಳಲ್ಲಿ ಒಂದೊಂದು ಚಾಪೆಯ ಜಾಗದಲ್ಲಿ ಬಾಳಿದ್ದಾರೆ. ಅವೆಲ್ಲ ಕೈಯಿಂದಲೇ ಕಟ್ಟಿದ ಮನೆಗಳು, ಫ್ಯಾಕ್ಟರಿಯವಲ್ಲ. 2013ರ ಏಪ್ರಿಲ್ 4ರಂದು ಇಲ್ಲಿಂದ ದೂರವಿಲ್ಲದ ಶಿಳ್‌ ಫಾಟಾದಲ್ಲಿ ಕುಸಿದು 74 ಜನರನ್ನು ಕೊಂದ ಅಕ್ರಮ ಕಟ್ಟಡವನ್ನೂ ಸ್ಥಳದಲ್ಲೇ, ಕೈಯಿಂದಲೇ, ನೋಡನೋಡುತ್ತ ಎಬ್ಬಿಸಿದ್ದರು. ಕೈಕೆಲಸ ಎಂದ ಮಾತ್ರಕ್ಕೆ ಪುಣ್ಯ ಇಲ್ಲ.

ಅದೇ ನವಿಮುಂಬಯಿಯಲ್ಲಿ, ಉಲ್ವೆ ಹತ್ತಿರದ ಬಾಮಣಡೋಂಗ್ರಿಯಲ್ಲಿ, ಸಿಡ್ಕೊ 2022ರಲ್ಲಿ ಫ್ಯಾಕ್ಟರಿಯಲ್ಲಿ ಹೊಯ್ದ ಗೋಡೆ, ಸ್ಲ್ಯಾಬು ತಂದು 12 ಮಹಡಿಯ 96 ಮನೆಯ ಕಟ್ಟಡವನ್ನು 96 ದಿನದಲ್ಲಿ ನಿಲ್ಲಿಸಿತು. ಚೆನ್ನೈಯಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ 1,152 ಪ್ರಿಕಾಸ್ಟ್ ಮನೆಗಳ ಲೈಟ್ ಹೌಸ್ ಪ್ರಾಜೆಕ್ಟ್ ಉದ್ಘಾಟನೆಯಾಯಿತು. 2023ರ ಜೂನ್‌ನಲ್ಲಿ ನಮ್ಮ ಕಿಸಾನ್ ನಗರದಲ್ಲೇ ಕ್ಲಸ್ಟರ್ ಯೋಜನೆಗೆ ಭೂಮಿಪೂಜೆ ನಡೆದಿದೆ. ಅಲ್ಲಿಯ ಸಾವಿರಾರು ಕುಟುಂಬಗಳಿಗೆ ಆಚಾರಿ ಬಂದು ಕವಳ ಹಾಕಿ ಪ್ರಶ್ನೆ ಕೇಳುವಷ್ಟು ಹೊತ್ತಿಲ್ಲ, ಅಷ್ಟು ಹಲಸಿನ ಮರವೂ ಇಲ್ಲ. ಅವರಿಗೆ ಗಟ್ಟಿಯಾದ, ಗಾಳಿ ಬೆಳಕಿನ ಮನೆ ಬೇಗ ಬೇಕು. ಫ್ಯಾಕ್ಟರಿಯಿಂದ ಬಂದರೆ ಬರಲಿ. ಚಪ್ಪಾಳೆ ಹೊಡೆದ ನಮ್ಮ ಸ್ನೇಹಕೂಟದವರು ಆ ಖೋಲಿಯಲ್ಲಿ ಒಂದು ಜೂನ್ ತಿಂಗಳು ಕಳೆದು ಆಮೇಲೆ ಇಡ್ಲಿಯ ಹೋಲಿಕೆ ಕೊಡಲಿ.

ಹಾಗಾದರೆ ನನ್ನ ತಕರಾರು ಏನು? ನನ್ನದೇ ಫ್ಲ್ಯಾಟಿನ ಉದಾಹರಣೆ ಕೊಡುತ್ತೇನೆ. ಶ್ರೀನಗರದ ಕಡೆ, ನಾಲ್ಕು ಮಹಡಿಯ ಹಳೇ ಬಿಲ್ಡಿಂಗು. ನಮ್ಮ ಬಚ್ಚಲಿನಿಂದ ಕೆಳಗಿನವರ ಅಡುಗೆಮನೆಗೆ ನೀರು ಸೋರುತ್ತದೆ. ಪೈಪು ಎಲ್ಲಿ ಹಾದುಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ. ನಕ್ಷೆ ಸೊಸೈಟಿಯಲ್ಲಿ ಇಲ್ಲ, ಬಿಲ್ಡರ್ ಎಲ್ಲಿದ್ದಾನೋ ದೇವರಿಗೇ ಗೊತ್ತು. ಪ್ಲಂಬರ್ ಬಂದು ಮೂರು ಕಡೆ ಅಗೆದ, ಮೂರು ಸಲ ದುಡ್ಡು ತಗೊಂಡ, ನೀರು ಈಗಲೂ ಸೋರುತ್ತಿದೆ. ಘೋಡ್‌ಬಂದರ್ ರೋಡಿನ ಹೊಸ ಟವರುಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಹೊಯ್ದ ಗೋಡೆಗಳು. ಎಲ್ಲ ಗೋಡೆಯೂ ಭಾರ ಹೊರುವ ಗೋಡೆ, ಒಂದು ಬಾಗಿಲು ಅಗಲ ಮಾಡಬೇಕೆಂದರೂ ಮಾಡುವ ಹಾಗಿಲ್ಲ. ವೀಲ್‌ಚೇರಿಗೆ ಬಂದ ನನ್ನ ಸ್ನೇಹಿತರೊಬ್ಬರು ತಮ್ಮ ಬಚ್ಚಲಿಗೆ ಹೋಗಲಾರದೆ ಮಗಳ ಮನೆಗೆ ಹೋಗಿದ್ದಾರೆ. ನನ್ನ ಅಜ್ಜಿಗಾಗಿ ಎರಡು ಬೆರಳು ತಗ್ಗಿದ ಹೊಸ್ತಿಲು ಎಲ್ಲಿ!

ಜಗಳ ಮರಕ್ಕೂ ಕಾಂಕ್ರೀಟಿಗೂ ಅಲ್ಲ, ಕೈಗೂ ಮೆಶಿನಿಗೂ ಅಲ್ಲ ಎಂದು ನಾನು ಹೇಳುವುದು ಇದಕ್ಕೆ. ಯಾವ ಮನೆಗಾದರೂ ಮೂರು ಪ್ರಶ್ನೆ ಹಾಕಿ. ಯಾರ ಅಳತೆಗೆ ಕಟ್ಟಿದ್ದು? ಕೆಟ್ಟರೆ ಬಿಚ್ಚಿ ಸರಿಮಾಡುವ ಮನುಷ್ಯ ಹತ್ತಿರದಲ್ಲಿ ಇದ್ದಾನೆಯೇ? ಕೊನೆಗೆ ಕೆಡವಿದ ದಿನ ಅದರಿಂದ ಏನು ಸಿಗುತ್ತದೆ, ತೊಲೆಯೋ ರಾಡಿಯೋ? ನಮ್ಮ ಹಲಸಿನ ಮನೆ ಮೂರರಲ್ಲೂ ಪಾಸು. ಕೆನಡಾದ ದಿಮ್ಮಿ ಮನೆ ಆ ಊರಿನಲ್ಲಿ ಪಾಸು. ಅದೇ ಪೈನ್ ದಿಮ್ಮಿಯನ್ನು ತಂದು ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಹೊಡೆಯುವ ಉಡುಪಿ ಜಿಲ್ಲೆಯಲ್ಲಿ, ಗೆದ್ದಲಿನ ಹುತ್ತದ ಪಕ್ಕ ನಿಲ್ಲಿಸಿದರೆ? ಪೈನ್ ಮೆದು ಮರ. ಔಷಧಿ ಹಾಕಿದ್ದಾದರೂ ಗೋಡೆಗೆ ಮಳೆ ಬೀಳದಂತೆ ಅಗಲ ಮಾಡು ಬೇಕು, ಕೆಲವು ವರ್ಷಕ್ಕೊಮ್ಮೆ ಎಣ್ಣೆಯೋ ಬಣ್ಣವೋ ಬೇಕು. ಐದನೇ ವರ್ಷ ಒಂದು ದಿಮ್ಮಿ ಕೊಳೆತರೆ ಆ ಅಳತೆಯ ದಿಮ್ಮಿ ಯಾರು ತರುತ್ತಾರೆ? ತಮ್ಮನ ಮಗನನ್ನು ಕೇಳಿದೆ. "ಕಂಪನಿಯವರು ನೋಡ್ಕೊಳ್ತಾರೆ ದೊಡ್ಡಪ್ಪ" ಎಂದ. ಕಂಪನಿ ಎಲ್ಲಿದೆ ಎಂದರೆ ಒಂದು ಫೋನ್ ನಂಬರ್ ಹೇಳಿದ.

ಈಗ ನನ್ನ ಪಾಪ. 1992ರಲ್ಲಿ ಕರಾವಳಿಯ ಒಂದು ಶಾಖೆಯಲ್ಲಿ ಸಾಲದ ಮೇಜು ನನ್ನದು. ಒಬ್ಬ ಕೃಷಿಕರು ಬಂದರು. ನೂರು ವರ್ಷದ ಹಂಚಿನ ಮನೆ, ಮುಚ್ಚಿಗೆಯ ನಾಲ್ಕು ತೊಲೆ ಕೆಟ್ಟಿದೆ, ರಿಪೇರಿಗೆ ಇಪ್ಪತ್ತು ಸಾವಿರ ಬೇಕು ಎಂದರು. ಮೌಲ್ಯಮಾಪಕರ ವರದಿಯಲ್ಲಿ ಮಣ್ಣು ಮುರಕಲ್ಲಿನ ಗೋಡೆ, ಮರದ ಮಾಡು, ಬೆಲೆ ನಗಣ್ಯ ಎಂದಿತ್ತು. "ರಿಪೇರಿಗೆ ಕೊಡಲಿಕ್ಕೆ ಬರುವುದಿಲ್ಲ. ಕೆಡವಿ ಆರ್‌ಸಿಸಿ ಸ್ಲ್ಯಾಬು ಹಾಕುವುದಾದರೆ ಒಂದೂವರೆ ಲಕ್ಷದವರೆಗೆ ಮಾಡಿಕೊಡುತ್ತೇನೆ" ಎಂದೆ. ಇಪ್ಪತ್ತು ಸಾವಿರ ಕೇಳಲು ಬಂದವರು ಒಂದೂವರೆ ಲಕ್ಷದ ಸಾಲಗಾರರಾಗಿ ಹೋದರು. ಮನೆ ಕೆಡವಿದರು. ನನ್ನ ಶಾಖೆಯ ಗುರಿ ಮುಟ್ಟಿತು. ಆಗ ನನಗೆ ಅದು ಅಭಿವೃದ್ಧಿ ಎಂದೇ ಅನಿಸಿತ್ತು.

ಕಾಮರ್ಸ್ ಓದಿದವರಿಗೆ ಸವಕಳಿ ಪಟ್ಟಿ ಬಾಯಿಪಾಠ. 1962ರ ಆದಾಯ ತೆರಿಗೆ ನಿಯಮಗಳ ಪಟ್ಟಿಯಲ್ಲಿ ವಾಸದ ಕಟ್ಟಡಕ್ಕೆ ವರ್ಷಕ್ಕೆ ಶೇಕಡಾ 5 ಸವಕಳಿ. "ಮರದ ರಚನೆಯಂಥ ಶುದ್ಧ ತಾತ್ಕಾಲಿಕ ಕಟ್ಟಡ"ಕ್ಕೆ ಶೇಕಡಾ 100; 2017ರ ಏಪ್ರಿಲ್‌ನಿಂದ ಅದನ್ನು 40ಕ್ಕೆ ಇಳಿಸಿದರು. ಆ ಸಾಲು ಬರೆದವರ ಕಣ್ಣ ಮುಂದೆ ಇದ್ದದ್ದು ಸೈಟಿನಲ್ಲಿ ಹೊಡೆದ ಹಲಗೆ ಶೆಡ್ಡು ಇರಬೇಕು, ನಮ್ಮ ಚೌಕಿಮನೆ ಅಲ್ಲ. ಆದರೆ ಓದಿದ ನಮ್ಮ ತಲೆಯಲ್ಲಿ ಕೂತದ್ದು ಮಾತ್ರ ಮರ ಎಂದರೆ ತಾತ್ಕಾಲಿಕ ಎಂದು. ಇನ್ನೂರು ವರ್ಷ ನಿಂತದ್ದು ತಾತ್ಕಾಲಿಕ, ನಲವತ್ತು ವರ್ಷಕ್ಕೆ ರೀಡೆವಲಪ್‌ಮೆಂಟಿಗೆ ಬರುವ ನನ್ನ ಬಿಲ್ಡಿಂಗು ಶಾಶ್ವತ! ಈ ಲೆಕ್ಕವನ್ನು ನಂಬಿಯೇ ನಾನು ಮೂವತ್ತಾರು ವರ್ಷ ಸಹಿ ಹಾಕಿದೆ.

ಮನೆ ಹೋದರೆ ಮನೆ ಮಾತ್ರ ಹೋಗುವುದಿಲ್ಲ. ನಮ್ಮ ಆಚಾರಿಯವರ ಮೊಮ್ಮಗ ಎಲ್ಲಿದ್ದಾನೆ ಗೊತ್ತೇ? ಇಲ್ಲೇ ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಗಾಳೆಯಲ್ಲಿ. ಮಾಡ್ಯುಲರ್ ಕಿಚನ್ನಿಗೆ ಪ್ಲೈವುಡ್ ಕೊಯ್ಯುವ ಕಂಪ್ಯೂಟರ್ ಮೆಶಿನ್ ನಡೆಸುತ್ತಾನೆ. ಬ್ರೋಷರ್ ಬಂದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ಮೆಶಿನಿನ ಗದ್ದಲದಿಂದ ಹೊರಗೆ ಬಂದು ಚಾ ತರಿಸಿದ. "ನಿನಗೆ ಅಜ್ಜನ ಕೆಲಸ ಬರ್ತದಾ ಮಾರಾಯ?" ಎಂದು ಕೇಳಿದೆ. "ಬರ್ತದೆ ಸರ್, ಅಪ್ಪನ ಜೊತೆ ಎರಡು ಮಾಡು ಎತ್ತಿದ್ದೇನೆ. ಆದ್ರೆ ಊರಲ್ಲಿ ಯಾರು ಕರೀತಾರೆ? ಮನೆ ಕೆಡವುವಾಗ ಮರಕ್ಕೆ ಎಷ್ಟು ರೇಟು ಸಿಕ್ಕೀತು ಅಂತ ಕೇಳ್ಲಿಕ್ಕೆ ಕರೀತಾರೆ" ಎಂದ. ನಾನು ತಲೆ ತಗ್ಗಿಸಿದೆ. ಮೆಶಿನ್ ಮೇಲೆ ಅವನಿಗೆ ಏನೂ ಸಿಟ್ಟಿಲ್ಲ. "ನಾಲಿಗೆ ತೂತು ಎಲ್ಲ ಇದರಲ್ಲೇ ಕೊಯ್ಯಬಹುದು ಸರ್, ಅಜ್ಜನಿಗಿಂತ ಬೇಗ. ಅಳತೆ ತೆಗೀಲಿಕ್ಕೆ ಮಾತ್ರ ನಾನು ಮಾಡಿನ ಮೇಲೆ ಹತ್ತಬೇಕು" ಎಂದ. ನಾನು ಇಷ್ಟುದ್ದ ಬರೆದದ್ದನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿದ.

ಕಳೆದ ಮೇ ತಿಂಗಳಲ್ಲಿ ಅವನನ್ನು ಹದಿನೈದು ದಿನದ ರಜೆ ಹಾಕಿಸಿ ಊರಿಗೆ ಕರೆದುಕೊಂಡು ಹೋದೆ. ಖರ್ಚು ನನ್ನ ಎಫ್‌ಡಿಯಿಂದ. ಪಡುಬದಿಯ ಹಂಚು ಇಳಿಸಿದಾಗ ತಿಳಿಯಿತು: ಕೆಟ್ಟದ್ದು ಹನ್ನೊಂದು ಪಕ್ಕಾಸು, ಅದೂ ಹಂಚು ಒಡೆದು ವರ್ಷಗಟ್ಟಲೆ ನೀರು ಬಿದ್ದ ಕಡೆ ಮಾತ್ರ. ಮನೆಗೆ ವಯಸ್ಸಾದದ್ದಲ್ಲ, ನಾವು ಮಾಡು ಕೈಯಾಡಿಸದೆ ಬಿಟ್ಟದ್ದು. ಬೆಂಗಳೂರಿನಿಂದ ತಮ್ಮನ ಮಗನೂ ಬಂದಿದ್ದ, ಜಗಳಕ್ಕೆ ತಯಾರಾಗಿಯೇ. ಏಣಿ ಹತ್ತಿದವನು ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಿದ: "ದೊಡ್ಡಪ್ಪ, ಇದ್ರಲ್ಲೂ ನಂಬರ್ ಇದೆ!" ಐವತ್ತು ವರ್ಷದ ಹಿಂದಿನ ಉಳಿಯ ಗೀರು, ಒಂದು, ಎರಡು, ಮೂರು. ಹಳೆಯದನ್ನು ಬಿಚ್ಚಿ ಅದರ ಅಳತೆಗೇ ಹೊಸದನ್ನು ಕೊಯ್ದು, ಮೊಮ್ಮಗ ಅದೇ ಗೀರನ್ನು ಮತ್ತೆ ಹಾಕಿದ. ಮನೆಯ ಉಳಿದ ಭಾಗದ ಗತಿ ಇನ್ನೂ ತೀರ್ಮಾನವಾಗಿಲ್ಲ. ನಾಲ್ಕು ಪಾಲುದಾರರಲ್ಲಿ ಇಬ್ಬರು ಸಹಿ ಹಾಕಿಲ್ಲ. ಲಾಗ್ ಕಾಟೇಜಿನ ಬ್ರೋಷರು ಇನ್ನೂ ಫೋನಿನಲ್ಲಿದೆ.

ನನ್ನ ಮೇಲೆ ಬರುವ ಆಕ್ಷೇಪ ಗೊತ್ತು. "ಕಾಡು ಕಡಿದು ಎಲ್ಲರೂ ಮರದ ಮನೆ ಕಟ್ಟಲಿ ಎನ್ನುತ್ತೀರಾ?" ಇಲ್ಲ ಸ್ವಾಮಿ. ಹೊಸದಾಗಿ ಮರದ ಮನೆ ಕಟ್ಟಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ನಿಂತಿರುವುದನ್ನು ಕೆಡವುವ ಮೊದಲು ಒಮ್ಮೆ ಆಚಾರಿಯನ್ನು ಮಾಡಿನ ಮೇಲೆ ಹತ್ತಿಸಿ ಎನ್ನುತ್ತೇನೆ. ಹನ್ನೊಂದು ಪಕ್ಕಾಸಿಗೆ ಹಿತ್ತಿಲಿನ ಒಂದು ಹಲಸು ಸಾಕು. "ನಿಮಗೆ ಎಫ್‌ಡಿ ಇದೆ, ಮಾಡಿದಿರಿ" ಎನ್ನುವವರಿಗೆ ನನ್ನ ಉತ್ತರ: ಹೌದು, ಅದಕ್ಕೇ ಬ್ಯಾಂಕುಗಳು ಇಂಥ ರಿಪೇರಿಗೆ ಮನಸ್ಸಿಟ್ಟು ಸಾಲ ಕೊಡಬೇಕು, ಮರದ ಮಾಡನ್ನು ಸೊನ್ನೆ ಎಂದು ಬರೆಯುವ ಮೌಲ್ಯಮಾಪನ ಬದಲಾಗಬೇಕು. ಅದನ್ನು ಹೇಳುವ ಜವಾಬ್ದಾರಿ ಸೊನ್ನೆ ಬರೆದ ನಮ್ಮಂಥವರದ್ದೇ. ಇನ್ನು ಕ್ಲಸ್ಟರಿನಲ್ಲೋ ರೀಡೆವಲಪ್‌ಮೆಂಟಿನಲ್ಲೋ ಹೊಸ ಫ್ಲ್ಯಾಟು ಸಿಗುವವರು ಮಾರ್ಬಲ್ಲಿನ ಬಣ್ಣಕ್ಕೆ ಜಗಳಾಡುವುದನ್ನು ಬಿಟ್ಟು, ಪೈಪು, ವೈರಿನ ನಕ್ಷೆಯ ಪ್ರತಿ ಸೊಸೈಟಿಗೆ ಬೇಕೇಬೇಕು ಎಂದು ಕರಾರಿನಲ್ಲಿ ಬರೆಸಿ. ಫ್ಯಾಕ್ಟರಿಯ ಮನೆಯಾದರೇನಂತೆ, ಬಿಚ್ಚುವ ದಾರಿ ನಮ್ಮ ಕೈಯಲ್ಲಿರಲಿ.

ಮುಂದಿನ ಸ್ನೇಹಕೂಟದಲ್ಲೂ ಯಾರಾದರೂ ಎದ್ದು ನಿಂತು ಹಲಸಿನ ಕಂಬದ ಚಾವಡಿಯ ಬಗ್ಗೆ ಗದ್ಗದಿತರಾಗಬಹುದು. ನಾನು ಈ ಸಲ ಚಪ್ಪಾಳೆ ಹೊಡೆಯುವುದಿಲ್ಲ. ಮಾಡು ಕೈಯಾಡಿಸಿದ್ದು ಯಾವಾಗ ಎಂದು ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ಮೊಮ್ಮಗನ ಫೋನ್ ನಂಬರ್ ಕೊಡುತ್ತೇನೆ.